ಕಡಲಿನ ಪಾಲಿನ ಮರಳು

ಅಕ್ಕನ ಬಾವಿ ಉಪ್ಪಾದಾಗಿನಿಂದ ನಾನು ಘಟ್ಟದ ಕೆಳಗೆ ನೀರು ಹೊರುತ್ತಿದ್ದೇನೆ. ಸಮುದ್ರದ ದಂಡೆಗೆ ನೀರು! ಜೀಪಿನ ತುಂಬ ಕ್ಯಾನು. ಮುಚ್ಚಳ ಸಡಿಲವಾಗಿದೆಯೇನೋ ಎಂದು ತಿರುವಿಗೊಮ್ಮೆ ನಿಲ್ಲಿಸಿ ನೋಡುವವನು ನಾನು. ಒಮ್ಮೆ ಜೊತೆಗೆ ಬಂದ ಹೆಂಡತಿ ಮತ್ತೆ ಬರಲಿಲ್ಲ.

ಘಟ್ಟದ ಮೇಲೆ ಆನೇಮಹಲ್ ದಾಟಿ ಒಳಗೆ ಹೋದರೆ ನಮ್ಮ ಕಾಫಿ ತೋಟ. ಅದರ ಕೆಳಗಿನ ಹಳ್ಳ ಹೇಮಾವತಿಯ ಕಡೆ ಹೋಗದೆ ಪಡುವಣಕ್ಕೆ ಇಳಿದು, ಹೊಳೆ ಸೇರಿ, ಅಕ್ಕನ ಊರಿನ ಹತ್ತಿರವೇ ಕಡಲಿಗೆ ಬೀಳುತ್ತದೆ. ತಾನಾಗಿ ಹೋಗುವ ನೀರನ್ನೇ ನಾನು ಡೀಸೆಲ್ ಸುಟ್ಟು ಒಯ್ಯುತ್ತಿದ್ದೇನೆ. ಅದೇ ಹಳ್ಳದ ಮರಳು ಮಾತ್ರ ಟಿಪ್ಪರಿನಲ್ಲಿ ಮೇಲೆ ಹೋಗುತ್ತದೆ, ಯಾರದೋ ರೆಸಾರ್ಟಿಗೆ.

ಅಕ್ಕನ ಮನೆಯ ಮುಂದೆ ತೆಂಗಿನ ಸಾಲಿತ್ತು. ಅದರಾಚೆ ಅಗಲವಾದ ಮರಳದಂಡೆ. ಮೀನುಗಾರರು ದೋಣಿ ಎಳೆದಿಡುತ್ತಿದ್ದರು, ಹೆಂಗಸರು ಮೀನು ಒಣಗಿಸುತ್ತಿದ್ದರು. ಈಗ ತೆಂಗೂ ಇಲ್ಲ, ದಂಡೆಯೂ ಇಲ್ಲ. ತಡೆಗೆಂದು ತಂದು ಸುರಿದ ಬಂಡೆಗಳನ್ನು ಕಡಲು ನುಂಗಿತು. ಕಳೆದ ಸಲ ಹೋದಾಗ ದೋಣಿಗಳು ಅಕ್ಕನ ಅಂಗಳದಲ್ಲಿದ್ದವು, ಬಲೆ ಅವಳ ತುಳಸಿಕಟ್ಟೆಯ ಮೇಲಿತ್ತು. ಅಲೆ ಕಾಂಪೌಂಡಿಗೆ ಬಡಿಯುತ್ತಿತ್ತು.

"ಅಕ್ಕಾ, ಗಾಡಿ ಹತ್ತು. ಭಾವನ್ನೂ ಕರಿ. ನಮ್ಮನೇಲಿ ಜಾಗ ಐತೆ."

"ನಾನೇನೋ ಬತ್ತೀನಿ. ಈ ದೋಣಿಯೋರು? ನಿನ್ನ ಕಾಫಿ ಕಣದಲ್ಲಿ ಬಲೆ ಹರವ್ಲಾ?"

"ಸಮುದ್ರನೇ ಮುಂದೆ ಬತ್ತಾ ಐತೆ ಕಣಕ್ಕ. ಯಾರೇನ್ ಮಾಡಕ್ಕಾಯ್ತದೆ?"

ಅಕ್ಕ ಕ್ಯಾನನ್ನು ನೆಲಕ್ಕೆ ಕುಕ್ಕಿದಳು. "ಮಳೆಗಾಲದಾಗೆ ಕಡಲು ದಂಡೆ ತಿಂತಿತ್ತು, ಆಮೇಲೆ ಹೊಳೆ ಮರಳು ತಂದು ತುಂಬ್ತಿತ್ತು. ಈಗ ತಿನ್ನೋದೊಂದೇ. ಹಳ್ಳ ಬಳಿದು ಮಾರ್ತಿರೋರು ಯಾರೋ, ಕಡಲಿನೋರಾ? ಮುಂದಿನ ಸಲ ನೀರು ಬ್ಯಾಡ ಮಾರಾಯ. ಒಂದು ಜೀಪು ಮರಳು ತಗಂಬಾ."

ಘಟ್ಟ ಹತ್ತುವಾಗ ಮೈ ಉರಿಯುತ್ತಿತ್ತು. ಹೊಳೆಯಿಂದ ಸಮುದ್ರಕ್ಕೆ ಹೋದದ್ದೆಲ್ಲ ದಂಡ ಎಂದು ವೇದಿಕೆಯ ಮೇಲೆ ಗಂಟಲು ಹರಿದುಕೊಳ್ಳುವವರನ್ನು ಒಂದು ಮಳೆಗಾಲ ಅಕ್ಕನ ಅಂಗಳದಲ್ಲಿ ಮಲಗಿಸಬೇಕು. ಅವಳಿಗೆ ಸೇರಬೇಕಾದ ದಂಡೆಯನ್ನು ಲೋಡುಗಟ್ಟಲೆ ಕದ್ದು, ಅವಳ ಮನೆಗೆ ಬಂಡೆಯ ಸಾಂತ್ವನ!

ನಮ್ಮ ಹಳ್ಳದ ದಾರಿಗೆ ತಿರುಗಿದರೆ ಎದುರಿಗೇ ಟಿಪ್ಪರು, ಹಸಿ ಮರಳಿನ ನೀರು ಸೋರಿಸಿಕೊಂಡು ಏರಿ ಬರುತ್ತಿತ್ತು. ಜೀಪನ್ನು ಅಡ್ಡ ನಿಲ್ಲಿಸಿಬಿಟ್ಟೆ. ಸಿಟ್ಟಿನ ಹಿಂದೆಯೇ ಭಯವೂ ಬಂತು; ಎರಡೂ ಕಡೆಯ ಇಂಡಿಕೇಟರ್ ಹಾಕಿದೆ.

"ಏನಣ್ಣ, ಗಾಡಿ ಕೆಟ್ಟೋಯ್ತಾ?" ಡ್ರೈವರ್ ತಲೆ ಹೊರಹಾಕಿದ.

"ಕೆಟ್ಟಿಲ್ಲ. ಹಿಂದಕ್ಕೆ ಹೋಗಿ ಹಳ್ಳಕ್ಕೇ ಸುರಿ."

"ತಮಾಸೆ ಮಾಡ್ಬೇಡಿ ಕಣ್ರೀ. ಓನರಿಗೆ ಫೋನ್ ಮಾಡ್ತೀನಿ."

"ಮಾಡು," ಎಂದೆ. ಜೀಪಿಗೆ ಬೀಗ ಹಾಕಿ, ಬಿದ್ದಿದೆಯೋ ಇಲ್ಲವೋ ಎಂದು ಮತ್ತೊಮ್ಮೆ ಎಳೆದು ನೋಡಿ, ಖಾಲಿ ಕ್ಯಾನನ್ನು ದಾರಿಯ ಮಧ್ಯೆ ಬೋರಲು ಹಾಕಿ ಅದರ ಮೇಲೆ ಕೂತೆ.