ನಲವತ್ತೆಂಟು ಗಂಟೆಯ ಸಿಟ್ಟು

ನನ್ನಲ್ಲೊಂದು ಐಬಿದೆ, ಮೊದಲೇ ಹೇಳಿಬಿಡುತ್ತೇನೆ. ನನಗೆ ಸಿಟ್ಟು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಬೈಯಬೇಕಾದವರು ಎದುರಿಗೇ ಕೂತಿದ್ದರೂ ಹಲ್ಲು ಕಿರಿಯುತ್ತೇನೆ, ಅವರು ಕೊಟ್ಟ ಮಜ್ಜಿಗೆ ಕುಡಿಯುತ್ತೇನೆ, 'ಬರ್ತೀನಿ' ಎಂದು ಎದ್ದು ಬರುತ್ತೇನೆ. ಎರಡು ದಿನ ಕಳೆದ ಮೇಲೆ, ಬಸ್ಸಿನಲ್ಲಿ ಕಂಬಿ ಹಿಡಿದು ಜೋತಾಡುತ್ತಿರುವಾಗಲೋ ಕುಕ್ಕರ್ ಮೂರನೇ ಸೀಟಿ ಹಾಕುವಾಗಲೋ, ಧಗ್ಗೆಂದು ಹೊತ್ತಿಕೊಳ್ಳುತ್ತದೆ. ಆಗ ಕೈಗೆ ಸಿಗುವವರು ನಮ್ಮ ಯಜಮಾನರೊಬ್ಬರೇ. ಯಾರದೋ ಪಾಲಿನ ಬೈಗುಳವನ್ನು ಅವರು ಇಪ್ಪತ್ತು ವರ್ಷದಿಂದ ಪೇಪರ್ ಅಡ್ಡ ಹಿಡಿದುಕೊಂಡು ಕೇಳಿದ್ದಾರೆ.

ತಡವಾಗಿ ಬರುವ ಈ ಸಿಟ್ಟಿಗೆ ಶಾಸ್ತ್ರದ ಆಧಾರವೂ ಇದೆ. ಜಯನಗರದ ಒಂದು ಕಾಲೇಜಿನಲ್ಲಿ ನಾನು ರೋಗನಿರೋಧಕ ಶಾಸ್ತ್ರದ ಪಾಠ ಮಾಡುತ್ತಿದ್ದವಳು. ನಮ್ಮ ಮೈ ಕಾಯುವುದಕ್ಕೆ ಎರಡು ಪಡೆಗಳಿವೆ. ಒಂದು ಪ್ರತಿಕಾಯಗಳದ್ದು, ಅವು ರಕ್ತದಲ್ಲಿ ಓಡಾಡಿಕೊಂಡೇ ಇದ್ದು, ಪರಿಚಯದ ಶತ್ರು ಕಂಡೊಡನೆ ಹಿಡಿದುಕೊಳ್ಳುತ್ತವೆ. ಇನ್ನೊಂದರಲ್ಲಿ ಜೀವಕೋಶಗಳೇ ಖುದ್ದಾಗಿ ಎದ್ದು ಹೋಗುತ್ತವೆ. ಟಿ ಕೋಶಗಳು ಹಳೆಯ ಶತ್ರುವಿನ ಗುರುತು ಹಿಡಿದು, ಇಂಟರ್‌ಫೆರಾನ್‌ನಂಥ ಅಣುಗಳನ್ನು ಸುರಿಸಿ, ಕಬಳಿಸುವ ಕೋಶಗಳನ್ನೆಲ್ಲ 'ಬನ್ರೋ, ಬನ್ರೋ' ಎಂದು ಕರೆಯುತ್ತವೆ. ಅವೆಲ್ಲ ಬಂದು ಜಮಾಯಿಸುವಷ್ಟರಲ್ಲಿ ಎರಡು ದಿನವಾಗಿರುತ್ತದೆ.

ಕ್ಷಯದ ಚರ್ಮಪರೀಕ್ಷೆ ನಿಂತಿರುವುದು ಇದರ ಮೇಲೆಯೇ. ಮುಂದೋಳಿಗೆ ಒಂದು ಹನಿ ಚುಚ್ಚಿ, ಸುತ್ತ ಬಾಲ್‌ಪೆನ್ನಿನಲ್ಲಿ ವೃತ್ತ ಬರೆದು, 'ಕೆರೀಬೇಡಿ, ಎರಡು ದಿನ ಬಿಟ್ಟು ಬನ್ನಿ' ಎಂದು ಕಳಿಸುತ್ತಾರೆ. ಊದಿಕೊಂಡರೆ ರೋಗ ಇದೆ ಎಂದೇನಲ್ಲ. ಎಂದೋ ಒಮ್ಮೆ ಆ ಕ್ರಿಮಿಯ ಪರಿಚಯವಾಗಿತ್ತು, ಮೈ ಅದನ್ನು ಮರೆತಿಲ್ಲ, ಇಷ್ಟೇ ಇರಬಹುದು. ಅಳೆಯುವಾಗಲೂ ಚರ್ಮ ಎಷ್ಟು ಕೆಂಪಾಗಿದೆ ಎಂದು ನೋಡಬಾರದು. ಬೆರಳಾಡಿಸಿ, ಒಳಗೆ ಎಷ್ಟು ಗಟ್ಟಿಯಾಗಿದೆ ಎಂದು ನೋಡಬೇಕು. ಪ್ರತಿ ವರ್ಷವೂ ಈ ಮಾತನ್ನು ಬೋರ್ಡಿನ ಮೇಲೆ ಬರೆದು ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಲ್ಯಾಬಿನ ಸಹಾಯಕಿ ರೇಣುಕಾ ಗದಗಿನ ಕಡೆಯ ಹುಡುಗಿ. ಬಿಟಿಎಂ ಲೇಔಟಿನಲ್ಲಿ ಒಂದು ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಮೂರು ವಾರವಾದರೂ ಕೆಮ್ಮು ನಿಲ್ಲದಿದ್ದಾಗ ನಾನೇ ಗದರಿಸಿ ಡಾಕ್ಟರ ಹತ್ತಿರ ಅಟ್ಟಿದೆ. ಅವರು ಈ ಪರೀಕ್ಷೆ ಮಾಡಿಸಿ, ಜೊತೆಗೆ ಕಫ, ಎಕ್ಸ್‌ರೇ ಎರಡಕ್ಕೂ ಬರೆದುಕೊಟ್ಟರು. ಮಾರನೆಯ ದಿನ ಅವಳು ಮಹಡಿಯಲ್ಲಿ ಬಟ್ಟೆ ಒಣಹಾಕುವಾಗ ಓನರ್ ಆಂಟಿಯ ಕಣ್ಣು ಆ ನೀಲಿ ವೃತ್ತದ ಮೇಲೆ ಬಿತ್ತು. ಏನಮ್ಮಾ ಅದು ಎಂದಳಂತೆ. ಸುಳ್ಳು ಹೇಳಲು ಬಾರದ ಈ ಪೆದ್ದಿ ಇದ್ದದ್ದು ಇದ್ದ ಹಾಗೆ ಹೇಳಿತು. ಭಾನುವಾರದೊಳಗೆ ಕೋಣೆ ಖಾಲಿ ಮಾಡಬೇಕು ಎಂದು ಹುಕುಂ ಆಯಿತು.

"ಊರಿಗೆ ಹೋಗಿಬಿಡ್ಲೇನ್ರೀ ಮೇಡಂ?" ಎಂದು ಕೇಳಿದಳು. ಊರಿಗೆ ಹೋಗುವುದೆಂದರೆ ಕೆಲಸ ಬಿಟ್ಟ ಹಾಗೆಯೇ. ಮನೆಯಲ್ಲಿ ಗಂಡು ನೋಡಿ ಕಾಯುತ್ತಿದ್ದರು.

ಸಂಜೆಯೇ ಅವಳ ಓನರ್ ಮನೆಗೆ ಹೋದೆ. ಓನರ್ ಆಂಟಿ ಕುರ್ಚಿ ಹಾಕಿ, ಕರಿಬೇವು ಹಾಕಿದ ಮಜ್ಜಿಗೆ ಕೊಟ್ಟು, "ನೋಡಿ ಮೇಡಂ, ಮನೇಲಿ ಮೊಮ್ಮಗು ಇದೆ. ನೀವು ಓದಿದೋರು, ನಿಮಗೆ ನಾನು ಹೇಳ್ಬೇಕಾ?" ಎಂದಳು. ಓದಿದವಳಾದ ನಾನು ಏನು ಮಾಡಿದೆ? ಮಜ್ಜಿಗೆ ಚೆನ್ನಾಗಿದೆ ಎಂದೆ. ನಾಚಿಕೆಗೇಡು!

ಮರುದಿನ, ಬುಧವಾರ, ಅವಳ ಕೈ ಅಳೆದರು. ಹನ್ನೆರಡು ಮಿಲಿಮೀಟರ್. ಹತ್ತು ದಾಟಿದರೆ ಪಾಸಿಟಿವ್ ಎಂದೇ ಲೆಕ್ಕ. ಮಿಕ್ಕ ವರದಿಗಳು ಶನಿವಾರ ಬರಬೇಕಿತ್ತು. ಕಾಲೇಜು ಬಿಟ್ಟ ಮೇಲೆ ಫೋರ್ತ್ ಬ್ಲಾಕಿನ ದರ್ಶಿನಿಗೆ ಹೋದೆವು. ಎರಡು ವರ್ಷದಿಂದ ಅಲ್ಲಿ ನಮ್ಮದು ಒಂದು ಬೈ-ಟು. ಒಂದು ಕಾಫಿಯನ್ನು ಅವರೇ ಎರಡು ಲೋಟಕ್ಕೆ ಹಂಚಿ ಕೊಡುತ್ತಾರೆ. ಆವತ್ತು ಕೌಂಟರಿನಲ್ಲಿ ನನ್ನ ಬಾಯಿಂದ "ಎರಡು ಫುಲ್ ಕೊಡಿ" ಎಂದು ಬಂತು. ರೇಣುಕಾ ನನ್ನ ಮುಖ ನೋಡಿದಳು. ತನ್ನ ಲೋಟ ತೆಗೆದುಕೊಂಡು ಎರಡು ಹೆಜ್ಜೆ ಆಚೆ ನಿಂತು ಕುಡಿದಳು.

ಬೈ-ಟು ಎಂದರೂ ಬರುವುದು ಎರಡು ಲೋಟವೇ ತಾನೇ? ಒಬ್ಬರ ಎಂಜಲು ಇನ್ನೊಬ್ಬರಿಗೆ ತಾಕುವ ಮಾತೇ ಇಲ್ಲ. ಅದಿರಲಿ, ಕ್ಷಯ ಲೋಟದಿಂದ ಹರಡುವುದಿಲ್ಲ ಎಂದು ಪ್ರತಿ ವರ್ಷ ಗಂಟಲು ಹರಿದುಕೊಳ್ಳುತ್ತಿದ್ದವಳೂ ನಾನೇ. ನನ್ನ ಓದಿಗಿಷ್ಟು ಬೆಂಕಿ ಹಾಕ!

ಇದು ಹೊಳೆದದ್ದು ಮಾತ್ರ ನನ್ನ ಪದ್ಧತಿಯಂತೆ ಎರಡು ದಿನ ಕಳೆದು, ಶುಕ್ರವಾರ. ಬುಧವಾರವೇ, ಅವಳಿಗೆ ಧೈರ್ಯ ತುಂಬಲು ಎಂಬ ದೊಡ್ಡಸ್ತಿಕೆಯಿಂದ, ನಾನೂ ಕೈಗೆ ಚುಚ್ಚಿಸಿಕೊಂಡಿದ್ದೆ. ಶುಕ್ರವಾರ ಅಳೆದರೆ ಹದಿನೇಳು. ರೇಣುಕಾಗಿಂತ ಐದು ಹೆಚ್ಚು! ಅಲ್ಲೇ ಧಗ್ಗೆಂದಿತು. ಓನರ್ ಮೇಲಿನದು, ನನ್ನ ಮೇಲಿನದು, ಮಜ್ಜಿಗೆಯದು, ಕಾಫಿಯದು, ಎಲ್ಲ ಒಟ್ಟಿಗೆ. ಆಟೋ ಹಿಡಿದು ಸೀದಾ ಬಿಟಿಎಮ್ಮಿಗೆ ಹೋದೆ. ಗೇಟಿನಲ್ಲೇ ನಿಂತು ತೋಳು ಚಾಚಿದೆ.

"ನೋಡ್ರೀ, ಅವಳಿಗಿಂತ ದೊಡ್ಡದು ನಂದು! ಮೊನ್ನೆ ನಿಮ್ಮನೆ ಕುರ್ಚಿ ಮೇಲೆ ಕೂತಿದ್ದೆ, ನಿಮ್ಮ ಲೋಟದಲ್ಲಿ ಮಜ್ಜಿಗೆ ಕುಡಿದೆ. ಕುರ್ಚಿ ಸುಡ್ತೀರಾ? ಲೋಟ ಬಿಸಾಕ್ತೀರಾ? ಈ ಸೂಜಿ ನಿಮಗೆ ಚುಚ್ಚಿದ್ರೆ ನಿಮ್ಮ ಕೈಯೂ ಊದುತ್ತೋ ಏನೋ! ಮನುಷ್ಯರಾ ನೀವು?" ಅಷ್ಟಕ್ಕೇ ಬಿಡಲಿಲ್ಲ. ಟಿ ಕೋಶ, ಇಂಟರ್‌ಫೆರಾನ್, ನೆನಪಿನ ಕೋಶ ಎಂದು ಒಂದು ಪೀರಿಯಡ್ಡಿನ ಪಾಠವನ್ನೇ ಕಿರುಚಿದೆ. ಎದುರುಮನೆಯವರು ಕಿಟಕಿ ತೆರೆದರು. ಆಕೆ ಮೊಮ್ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ, ಕಿಟಕಿಯಿಂದ, "ಮೇಡಂ, ದಯವಿಟ್ಟು ಗೇಟ್ ಮುಟ್ಬೇಡಿ" ಎಂದಳು.

ಶನಿವಾರ ವರದಿಗಳು ಬಂದವು. ಕಫದಲ್ಲಿ ಏನಿಲ್ಲ, ಎಕ್ಸ್‌ರೇ ಶುಭ್ರ. ಡಾಕ್ಟರು ಅಲರ್ಜಿ ಕೆಮ್ಮು ಎಂದು ಬರೆದು ಸೀಲು ಒತ್ತಿದರು. ಆ ಸೀಲು ಕಂಡದ್ದೇ ತಡ, ಓನರ್ ಆಂಟಿ, "ಮೊದಲೇ ಹೇಳಬಾರದಿತ್ತೇನಮ್ಮಾ? ಇರು, ಇರು" ಎಂದಳಂತೆ. ಒಂದು ಪೀರಿಯಡ್ಡಿನ ನನ್ನ ಪಾಠ ಮಾಡದ್ದನ್ನು ನೀಲಿ ಶಾಯಿಯ ಒಂದು ಸೀಲು ಮಾಡಿತು. ನನಗೆ ಇಂದಿಗೂ ಮೈ ಉರಿಯುತ್ತದೆ.

ಅಂತೂ ಕೋಣೆ ಉಳಿಯಿತು, ಕೆಲಸ ಉಳಿಯಿತು. ಸೋಮವಾರ ದರ್ಶಿನಿಯ ಬಾಗಿಲಲ್ಲೇ ರೇಣುಕಾಳನ್ನು ನಿಲ್ಲಿಸಿ, "ಆವತ್ತು ನಂದು ತಪ್ಪಾಯ್ತು ಕಣೇ" ಎಂದೆ.

"ಅಯ್ಯ, ಬಿಡ್ರೀ ಮೇಡಂ. ಅದನ್ನೇನ್ ಮನಸಿಗೆ ಹಚ್ಕೊಂತೀರಿ" ಎಂದು ನಕ್ಕಳು. ಎದೆ ಹಗುರಾಯಿತು. ಕೌಂಟರಿನ ಮುಂದೆ ನಿಂತು, ಇಡೀ ಫೋರ್ತ್ ಬ್ಲಾಕಿಗೆ ಕೇಳುವಂತೆ, "ಒಂದು ಬೈ-ಟು!" ಎಂದೆ.

ನನ್ನ ಭುಜದ ಪಕ್ಕದಿಂದ ರೇಣುಕಾ ಮೆಲ್ಲಗೆ, "ಎರಡು ಫುಲ್ ಕೊಡ್ರೀ ಅಣ್ಣಾ" ಎಂದಳು.

ತಿರುಗಿ ನೋಡಿದೆ. ಅವಳು ಇನ್ನೂ ನಗುತ್ತಲೇ ಇದ್ದಳು. ಮುಖದ ಮೇಲೆ ಕೆಂಪೆಂಬುದು ಒಂದಿಷ್ಟೂ ಇರಲಿಲ್ಲ. ಕೆಂಪನ್ನಲ್ಲ, ಒಳಗಿನ ಗಟ್ಟಿಯನ್ನು ಅಳೆಯಬೇಕು ಎಂದು ಹೇಳಿಕೊಟ್ಟವಳು ನಾನೇ ಅಲ್ಲವೇ? ನನ್ನ ಲೋಟ ಎತ್ತಿಕೊಂಡು ಪೂರ್ತಿ ಕಾಫಿ ಕುಡಿದೆ.