ಇಟಲಿಯ ಅಜ್ಜಿಗೆ ಗೊತ್ತಿಲ್ಲದ ಪಾಸ್ತಾ

ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ಅಕ್ಕನ ಮನೆ. ಮಧ್ಯಾಹ್ನದ ಊಟಕ್ಕೆ ಪಕ್ಕದ ಮನೆಯ ಇಟಲಿಯ ಅಜ್ಜಿ ಬಂದಿದ್ದರು. ಅವರಿಗೆ ತವರಿನ ರುಚಿ ಸಿಗಲೆಂದು ಅಕ್ಕ ವೈಟ್ ಸಾಸ್ ಪಾಸ್ತಾ ಮಾಡಿದ್ದಳು. ಜಯನಗರದ ಕೆಫೆಗಳಲ್ಲಿ ನಾವು ತಿನ್ನುತ್ತಿದ್ದಂಥದ್ದೇ: ಮೈದಾ, ಹಾಲು, ಸ್ವೀಟ್ ಕಾರ್ನ್, ಕ್ಯಾಪ್ಸಿಕಂ.

ಅಜ್ಜಿ ಎರಡನೇ ಸಲವೂ ಹಾಕಿಸಿಕೊಂಡು, “ಬಹಳ ರುಚಿ. ನಿಮ್ಮ ದೇಶದಲ್ಲಿ ಇದಕ್ಕೆ ಏನಂತಾರೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅಕ್ಕನ ಸೌಟು ಗಾಳಿಯಲ್ಲೇ ನಿಂತಿತು. “ಇದು ನಿಮ್ಮದೇ ಅಲ್ವಾ?”

“ನಮ್ಮದಾ?” ಅಜ್ಜಿ ತಟ್ಟೆಯೊಳಗಿನ ಜೋಳದ ಕಾಳುಗಳನ್ನು ದಿಟ್ಟಿಸಿದರು. ಆಮೇಲೆ ನನ್ನತ್ತ ತಿರುಗಿ, “ಯಾವ ಊರಿನದು?” ಎಂದರು.

“ಬೆಂಗಳೂರು” ಎಂದುಬಿಟ್ಟೆ. ಅಜ್ಜಿ ಒಪ್ಪಿ ತಲೆಯಾಡಿಸಿದರು.

ಅಕ್ಕ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು: “ಹಂಗಾದ್ರೆ ಇಷ್ಟು ವರ್ಷ ಫಾರಿನ್ ಊಟ ಅಂತ ನಾವು ತಿಂದಿದ್ದು ನಮ್ಮೂರಿನದನ್ನೇನೋ?”