ಕಿತ್ತಳೆ ಹೊಟ್ಟೆಯ ನೀರೊಳ್ಳೆ

ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಅದರ ಕೆಳಗೆ ನಾಲೆಯ ಕೆಸರು ಮೆತ್ತಿದ ಕಾಲು. ಎದುರುಮನೆಯ ಮೇಷ್ಟ್ರನ್ನು ನೆನೆದರೆ ಮೊದಲು ಕಾಣುವುದು ಇದೇ. ಕೃಷ್ಣರಾಜನಗರದಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಹಾವು ಬಂತೆಂದರೆ ನೋಡಲು ಊಟ ಬಿಟ್ಟು ಏಳುತ್ತಿದ್ದರು.

ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಹಗ್ಗ ಕಂಡರೂ ಕಿರುಚುವವಳು. ಗದ್ದೆಯ ತೂಬಿನ ಬಳಿ ಪಾಚಿ ಬಣ್ಣದ ತಲೆಯೊಂದು ನೀರಿನಿಂದೆದ್ದಾಗ ಮಚ್ಚು ಎತ್ತಿದ್ದೆ. ಮೇಷ್ಟ್ರು ಅಡ್ಡ ಬಂದರು.

"ತಡ್ಕೊಳವ್ವಾ! ಮೂಗಿನ ತೂತು ಮೂತಿ ಮೇಲೈತೆ ನೋಡು, ನೀರಿನ ಜೀವ. ನೀರೊಳ್ಳೇಲೇ ಬ್ಯಾರೆ ಜಾತಿ ಇರ್ಬೇಕು. ಹೊಟ್ಟೆ ಕಿತ್ತಳೆ ಬಣ್ಣ ಇದ್ರೆ ಅದೇಯ, ವಿಷ ಇಲ್ಲ. ಹೊಟ್ಟೆ ನೋಡ್ದೆ ಹೆಸ್ರು ಹೇಳ್ಬಾರ್ದು."

ಆ ಮಳೆಗಾಲವೆಲ್ಲ ನಾವಿಬ್ಬರೂ ಅದರ ಹೊಟ್ಟೆ ನೋಡಲು ಕಾದೆವು. "ಕಳೆ ಕೀಳೋರ್ಯಾರು?" ಎಂದು ನನ್ನ ಗಂಡ ರೇಗಿಸುತ್ತಿದ್ದರು. ಹಾವೋ ಮಹಾ ಸಂಕೋಚದ್ದು, ಹೆಜ್ಜೆ ಸದ್ದಾದರೆ ಕಲ್ಲುಸಂದಿ ಸೇರುತ್ತಿತ್ತು. ಹೊಟ್ಟೆ ಕಾಣಲೇ ಇಲ್ಲ.

ಕೊಯ್ಲಿಗೆ ಮುಂಚೆ ಒಂದು ದಿನ ಎದುರುಮನೆಯಲ್ಲಿ ಗದ್ದಲವೆದ್ದಿತು. ಓಡಿ ಹೋದೆ. ಮೇಷ್ಟ್ರ ಕೈಯಲ್ಲಿ ದೊಣ್ಣೆಯಿತ್ತು. ಬಚ್ಚಲ ಕಲ್ಲಿನ ಮೇಲೆ ಪಾಚಿ ಬಣ್ಣದ ಹಾವು ಸತ್ತು ಅಂಗಾತ ಬಿದ್ದಿತ್ತು. ಹೊಟ್ಟೆ ಕಿತ್ತಳೆ ಹಣ್ಣಿನ ಬಣ್ಣ.

"ಭಾರಿ ವಿಷದ್ದು ಕಣ್ರಪ್ಪಾ," ಎಂದು ಸೇರಿದವರಿಗೆಲ್ಲ ಹೇಳಿದರು. ನನ್ನ ಕಡೆ ಮಾತ್ರ ನೋಡಲಿಲ್ಲ.

ಸಂಜೆ ತಾವೇ ಬಂದರು. "ಕಾಲಿಗೆ ತಣ್ಣಗೆ ತಾಗ್ತು ಕಣವ್ವ. ಕೈ ನನ್ ಮಾತು ಕೇಳ್ನಿಲ್ಲ."

"ಕೈ ಕೇಳ್ದಿದ್ರೆ ಹೋಗ್ಲಿ ಸಾರ್, ಬಾಯಿ ಯಾಕೆ ಸುಳ್ಳಾಡ್ತು?"

ತಲೆ ತಗ್ಗಿಸಿ ಹೋದರು. ನನಗೆ ಕನಿಕರ ಬರಲಿಲ್ಲ. ನಂಬಿಸಿ ಕತ್ತು ಕೊಯ್ದರು ಅನ್ನಿಸಿತು, ಇವತ್ತೂ ಹಾಗೇ ಅನ್ನಿಸುತ್ತದೆ.

ಹೋದ ವರ್ಷ ತೀರಿಕೊಂಡರು. ಮಣ್ಣು ಹಾಕಿ ಬಂದೆ. ಈಗ ಹಾವು ಕಂಡವರು ಯಾವ ಜಾತಿಯೆಂದು ಕೇಳಿ ನನ್ನ ಫೋನಿಗೆ ಫೋಟೋ ಕಳಿಸುತ್ತಾರೆ. ಕಲಿತದ್ದೆಲ್ಲ ಮೇಷ್ಟ್ರಿಂದಲೇ, ಇಲ್ಲವೆನ್ನಲಾರೆ.

ಮೊನ್ನೆ ತೂಬಿನ ಬಳಿ ಮತ್ತೆ ಅಂಥದೇ ಪಾಚಿ ಬಣ್ಣದ ತಲೆ ಎದ್ದಿತು. ಪಕ್ಕದ ಗದ್ದೆಯವನು ಗುದ್ದಲಿ ಎತ್ತಿದ.

"ವಿಷ ಇಲ್ಲ, ಬುಡಣ್ಣಾ," ಎಂದು ಅಡ್ಡ ನಿಂತೆ.

"ಸುಮ್ನಿರವ್ವಾ. ಅಷ್ಟು ಓದ್ದೋರು, ಮೇಷ್ಟ್ರೇ ವಿಷದ್ದು ಅಂತ ಹೊಡುದ್ರು. ನೀನೇನ್ ಅವ್ರಿಗಿಂತ ತಿಳ್ದೋಳಾ?"

"ಮೇಷ್ಟ್ರು ಸುಳ್ಳು ಹೇಳಿದ್ರು ಕಣಣ್ಣಾ."

ಅವನು ಗುದ್ದಲಿ ಹಿಡಿದೇ ನನ್ನ ಮುಖ ನೋಡಿದ. ಅಷ್ಟರಲ್ಲಿ ಹಾವು ಕಲ್ಲುಸಂದಿ ಸೇರಿತ್ತು. ಸತ್ತವರ ಮೇಲೆ ಕೆಟ್ಟ ಮಾತಾಡಿದಳು ಎಂದು ಊರಿಗೆ ಈಗ ನನ್ನ ಮೇಲೆ ಮುನಿಸು. ಸುಳ್ಳು ಹೇಳಿದೆ ಎಂಬ ಆ ಒಂದು ಮಾತನ್ನು ಬದುಕಿದ್ದಾಗ ಅವರೇ ಆಡಬಹುದಿತ್ತು.